ಕ್ಲೌಡ್‌ನ ಹೊರಗಿರುವ ಸರ್ವರ್‌ಗಳಲ್ಲಿ ದೂರನಿರ್ವಹಣಾ ಏಜೆಂಟ್ ಅಳವಡಿಕೆ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಸಂವಿಧಾನದ 371(ಜೆ) ಅನುಚ್ಛೇದದ ಅರ್ಹತಾ ಪ್ರಮಾಣಪತ್ರ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಸೇವೆಗಳನ್ನು ಕೋರಿ ಬರುವ ನಾಗರಿಕರು ತಾಲ್ಲೂಕು ಕಚೇರಿಯಲ್ಲಿ ಅಥವಾ ನಾಡಕಚೇರಿಯಲ್ಲಿ ಹೆಚ್ಚಾಗಿ ಕೇಳುವ ಮಾತು "ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬುದಾಗಿದೆ. ಖಜೂರಿ, ಮಾದನಹಿಪ್ಪರಗಾ, ಕರಜಗಿ, ಅತನೂರ, ಆಂದೋಲಾ, ನೆಲೋಗಿ ಮೊದಲಾದ ಊರುಗಳಿಂದ ಬರುವ ಕೃಷಿಕರಿಗೆ ಹಾಗೂ ಕೂಲಿಕಾರರಿಗೆ ಈ ಒಂದು ಮಾತಿನಿಂದ ಒಂದು ದಿನದ ದುಡಿಮೆ ಮತ್ತು ಬಸ್ ವೆಚ್ಚ ನಷ್ಟವಾಗುತ್ತದೆ. ಬೆಳೆ ಸಾಲದ ನವೀಕರಣ, ತೊಗರಿ ಖರೀದಿ ಕೇಂದ್ರದ ನೋಂದಣಿ, ನೇಮಕಾತಿ ಅರ್ಜಿ ಅಥವಾ ಕಾಲೇಜು ಪ್ರವೇಶದ ಕೊನೆಯ ದಿನಾಂಕ ಹತ್ತಿರವಿದ್ದಲ್ಲಿ ನಷ್ಟವು ಒಂದು ದಿನಕ್ಕೆ ಮುಗಿಯುವುದಿಲ್ಲ.

ಸರ್ವರ್ ಎಂದರೇನು, ಅದು ಎಲ್ಲಿರುತ್ತದೆ, ದೂರದಿಂದಲೇ ಅದನ್ನು ನೋಡಿಕೊಳ್ಳುವ ಏಜೆಂಟ್ ತಂತ್ರಾಂಶವನ್ನು ಯಾವ ಕ್ರಮದಲ್ಲಿ ಅಳವಡಿಸಲಾಗುತ್ತದೆ, ಅದರಿಂದ ಆಗುವ ಅನುಕೂಲವೇನು, ಅಪಾಯವೇನು ಹಾಗೂ ಸೇವೆ ಸ್ಥಗಿತವಾದಾಗ ಅರ್ಜಿದಾರರಿಗೆ ಇರುವ ಹಕ್ಕುಗಳಾವುವು ಎಂಬ ವಿಷಯಗಳನ್ನು ಇಲ್ಲಿ ಸಾಮಾನ್ಯ ನಾಗರಿಕರಿಗೆ ಅರ್ಥವಾಗುವಂತೆ ವಿವರಿಸಲಾಗಿದೆ.

2. ಹಿನ್ನೆಲೆ

ಕರ್ನಾಟಕದಲ್ಲಿ ಭೂ ದಾಖಲೆಗಳ ಗಣಕೀಕರಣಕ್ಕಾಗಿ ಕಂದಾಯ ಇಲಾಖೆಯು "ಭೂಮಿ" ಯೋಜನೆಯನ್ನು ಕೈಗೊಂಡಿತು. ಇದರ ತಂತ್ರಾಂಶವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಸಿದ್ಧಪಡಿಸಿತು. 2000ದ ದಶಕದ ಆರಂಭದ ವೇಳೆಗೆ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿ ದಾಖಲೆಗಳು ಗಣಕಯಂತ್ರಕ್ಕೆ ಸೇರ್ಪಡೆಗೊಂಡವು. ಆಗ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ 15 ರೂಪಾಯಿ ಶುಲ್ಕಕ್ಕೆ ಪಹಣಿಯ ಪ್ರತಿಯನ್ನು ನೀಡಲಾಗುತ್ತಿತ್ತು. ಅರ್ಜಿದಾರರು ತಮ್ಮ ದಾಖಲೆಯನ್ನು ತಾವೇ ನೋಡಲೆಂದು ಕೌಂಟರಿನಲ್ಲಿ ಎರಡನೆಯ ಪರದೆಯನ್ನು ಸಾರ್ವಜನಿಕರ ಕಡೆಗೆ ಇರಿಸಲಾಗಿತ್ತು. ದಾಖಲೆ ತಿದ್ದುವ ಸಿಬ್ಬಂದಿಯು ಬೆರಳಚ್ಚು ನೀಡಿದ ಹೊರತು ತಂತ್ರಾಂಶವನ್ನು ಪ್ರವೇಶಿಸುವಂತಿರಲಿಲ್ಲ. ಯಾವ ದಾಖಲೆಯನ್ನು ಯಾರು ಮುಟ್ಟಿದರು ಎಂಬುದಕ್ಕೆ ಉತ್ತರ ಇರಲೇಬೇಕು ಎಂಬ ತತ್ವವು ಆ ಕಾಲದಿಂದಲೂ ಈ ವ್ಯವಸ್ಥೆಯ ಅಡಿಪಾಯವಾಗಿದೆ.

ಆರಂಭದಲ್ಲಿ ಪ್ರತಿ ತಾಲ್ಲೂಕಿನ ದತ್ತಾಂಶವು ಆಯಾ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲಿಯೇ ಇರುತ್ತಿತ್ತು. ಆಳಂದದ ದಾಖಲೆ ಆಳಂದದಲ್ಲಿ, ಜೇವರ್ಗಿಯ ದಾಖಲೆ ಜೇವರ್ಗಿಯಲ್ಲಿ ಎಂಬಂತೆ ವ್ಯವಸ್ಥೆ ಇದ್ದಿತು. ಆ ಯಂತ್ರ ಕೆಟ್ಟಲ್ಲಿ ತಂತ್ರಜ್ಞರು ಬಂದು ಸರಿಪಡಿಸುವವರೆಗೆ ಇಡೀ ತಾಲ್ಲೂಕಿನ ಸೇವೆ ನಿಲ್ಲುತ್ತಿತ್ತು. ಮುಂದಿನ ವರ್ಷಗಳಲ್ಲಿ ಭೂಮಿಯ ದತ್ತಾಂಶವನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಗ್ಗೂಡಿಸಿ, ತಾಲ್ಲೂಕು ಕಚೇರಿಗಳನ್ನು ರಾಜ್ಯ ವ್ಯಾಪ್ತಿಯ ಜಾಲದ ಮೂಲಕ ಅದಕ್ಕೆ ಜೋಡಿಸಲಾಯಿತು. ಹೋಬಳಿ ಮಟ್ಟದಲ್ಲಿ ಮೊದಲು ನೆಮ್ಮದಿ ಕೇಂದ್ರಗಳು, 2012ರ ಡಿಸೆಂಬರ್‌ನಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಪ್ರಮಾಣಪತ್ರ ಸೇವೆಗಳನ್ನು ಒದಗಿಸುತ್ತ ಬಂದಿವೆ. ನೋಂದಣಿ ಇಲಾಖೆಯಲ್ಲಿ 2003ರಿಂದ ಕಾವೇರಿ ತಂತ್ರಾಂಶವು ಬಳಕೆಗೆ ಬಂದು, 2023ರಲ್ಲಿ ಕಾವೇರಿ-2 ಅದರ ಸ್ಥಾನವನ್ನು ಪಡೆಯಿತು. ಭಾರತ ಸರ್ಕಾರವು 2014ರಲ್ಲಿ "ಮೇಘರಾಜ್" ಎಂಬ ಹೆಸರಿನಲ್ಲಿ ಸರ್ಕಾರಿ ಕ್ಲೌಡ್ ಸೇವೆಗೆ ಚಾಲನೆ ನೀಡಿತು.

3. ಸರ್ವರ್, ಕ್ಲೌಡ್ ಹಾಗೂ ಕ್ಲೌಡ್‌ನ ಹೊರಗಿರುವ ಸರ್ವರ್

ಸರ್ವರ್ ಎಂದರೆ ಇತರ ಗಣಕಯಂತ್ರಗಳು ಕೇಳುವ ಮಾಹಿತಿಯನ್ನು ಹಗಲಿರುಳು ಒದಗಿಸುವ ಒಂದು ಗಣಕಯಂತ್ರ. ಇಂತಹ ನೂರಾರು ಯಂತ್ರಗಳನ್ನು ದೊಡ್ಡ ದತ್ತಾಂಶ ಕೇಂದ್ರದಲ್ಲಿರಿಸಿ, ಅವುಗಳ ಸಾಮರ್ಥ್ಯವನ್ನು ಅಗತ್ಯಕ್ಕೆ ತಕ್ಕಂತೆ ಜಾಲದ ಮೂಲಕ ಹಂಚುವ ವ್ಯವಸ್ಥೆಗೆ ಕ್ಲೌಡ್ ಎನ್ನಲಾಗುತ್ತದೆ. ಅಲ್ಲಿ ವಿದ್ಯುತ್ತು, ಹವಾನಿಯಂತ್ರಣ, ಕಾವಲು, ಬದಲಿ ಯಂತ್ರ ಎಲ್ಲವೂ ಒಂದೇ ಸೂರಿನಡಿ ಇರುತ್ತವೆ.

ಆದರೆ ಎಲ್ಲ ಕೆಲಸಗಳೂ ಕ್ಲೌಡ್‌ಗೆ ಹೋಗುವುದಿಲ್ಲ. ದೊಡ್ಡ ಗಾತ್ರದ ಸ್ಕ್ಯಾನ್ ಪ್ರತಿಗಳನ್ನು ತಾತ್ಕಾಲಿಕವಾಗಿ ಇರಿಸಿಕೊಳ್ಳಲು, ಜಾಲ ಕಡಿತವಾದಾಗಲೂ ಕಚೇರಿಯೊಳಗಿನ ಕೆಲಸ ಮುಂದುವರಿಸಲು ಅಥವಾ ಹಳೆಯ ತಂತ್ರಾಂಶವನ್ನು ಇನ್ನೂ ಕೆಲವು ಕಾಲ ನಡೆಸಲು ಕಚೇರಿಯಲ್ಲಿಯೇ ಸರ್ವರ್ ಇರಿಸಬೇಕಾಗುತ್ತದೆ. ಉದಾಹರಣೆಗೆ, ತಾಲ್ಲೂಕು ಕಚೇರಿಗಳ ಅಭಿಲೇಖಾಲಯದಲ್ಲಿರುವ ಹಳೆಯ ಕಂದಾಯ ಕಡತಗಳನ್ನು ಸ್ಕ್ಯಾನ್ ಮಾಡುವ "ಭೂ ಸುರಕ್ಷಾ" ಯೋಜನೆಯು 2024ರಲ್ಲಿ ಆರಂಭವಾಯಿತು. ಮುಟ್ಟಿದರೆ ಪುಡಿಯಾಗುವ ಹಾಳೆಯನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಲಾಗದು. ಆದುದರಿಂದ ಇಂತಹ ಕೆಲಸ ನಡೆಯುವಲ್ಲಿ ಪ್ರತಿಯು ಮೊದಲು ಸೇರುವ ಯಂತ್ರದ ಆರೋಗ್ಯವೂ ದಾಖಲೆಯ ಆರೋಗ್ಯದಷ್ಟೇ ಮುಖ್ಯವಾಗುತ್ತದೆ.

ಕಲಬುರಗಿ ನಗರದಿಂದ ಆಳಂದ ಮತ್ತು ಜೇವರ್ಗಿ ಸುಮಾರು 40 ಕಿ.ಮೀ. ದೂರದಲ್ಲಿಯೂ, ಅಫಜಲಪುರ ಸುಮಾರು 60 ಕಿ.ಮೀ. ದೂರದಲ್ಲಿಯೂ ಇವೆ. ಬೆಂಗಳೂರು ಕಲಬುರಗಿಯಿಂದ ಸುಮಾರು 600 ಕಿ.ಮೀ. ದೂರದಲ್ಲಿದೆ. ಬೇಸಿಗೆಯಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಭೀಮಾ ನದಿಯು ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳನ್ನು ಹಾದುಹೋಗುತ್ತದೆ. 2020ರ ಅಕ್ಟೋಬರ್‌ನ ಪ್ರವಾಹದಲ್ಲಿ ಈ ತಾಲ್ಲೂಕುಗಳ ಅನೇಕ ಗ್ರಾಮಗಳು ಬಾಧಿತವಾಗಿದ್ದವು. ಬಿಸಿಲು, ವಿದ್ಯುತ್ ಕಡಿತ, ಪ್ರವಾಹ ಹಾಗೂ ದೂರ ಈ ನಾಲ್ಕೂ ಕಾರಣಗಳಿಂದ, ಕಚೇರಿಯ ಸರ್ವರ್ ಕೆಡುವ ಮೊದಲೇ ಅದರ ಸ್ಥಿತಿ ತಿಳಿಯುವ ಏರ್ಪಾಡು ಇಲ್ಲಿ ಹೆಚ್ಚು ಅವಶ್ಯಕವಾಗಿದೆ.

4. ದೂರನಿರ್ವಹಣಾ ಏಜೆಂಟ್ ಎಂದರೇನು?

ಏಜೆಂಟ್ ಎಂಬ ಪದ ಕೇಳಿ ಕಚೇರಿಯ ಹೊರಗೆ ಅರ್ಜಿ ಬರೆದುಕೊಡುವ ಮಧ್ಯವರ್ತಿ ಎಂದು ಭಾವಿಸಬಾರದು. ಇಲ್ಲಿ ಏಜೆಂಟ್ ಎಂದರೆ ಸರ್ವರ್‌ನೊಳಗೆ ಅಳವಡಿಸಲಾಗುವ ಒಂದು ಸಣ್ಣ ತಂತ್ರಾಂಶ. ಯಂತ್ರ ಚಾಲನೆಗೊಂಡೊಡನೆ ಅದೂ ಚಾಲನೆಗೊಂಡು, ನಿಗದಿತ ಅವಧಿಗೊಮ್ಮೆ ಕೇಂದ್ರ ನಿಯಂತ್ರಣ ವ್ಯವಸ್ಥೆಗೆ ಸಂಕೇತ ಕಳುಹಿಸುತ್ತದೆ. ರೋಗಿಯ ನಾಡಿಮಿಡಿತದಂತೆ ಈ ಸಂಕೇತ ನಿಂತೊಡನೆ ಕೇಂದ್ರದ ಪರದೆಯ ಮೇಲೆ ಆ ಸರ್ವರ್ "ಸಂಪರ್ಕದಲ್ಲಿಲ್ಲ" ಎಂದು ಕಾಣಿಸುತ್ತದೆ.

ಇಂತಹ ಏಜೆಂಟ್‌ಗಳು ಹಲವು ಬಗೆಯವು. ಮೈಕ್ರೋಸಾಫ್ಟ್ ಸಂಸ್ಥೆಯ ಅಜೂರ್ ಆರ್ಕ್ ವ್ಯವಸ್ಥೆಯು 2020ರಲ್ಲಿ ಸರ್ವರ್‌ಗಳಿಗಾಗಿ ಸಾಮಾನ್ಯ ಬಳಕೆಗೆ ಬಂದಿತು. ಅದರ ಏಜೆಂಟ್ 5 ನಿಮಿಷಕ್ಕೊಮ್ಮೆ ಸಂಕೇತ ಕಳುಹಿಸುತ್ತದೆ. 15 ನಿಮಿಷ ಸಂಕೇತ ಬಾರದಿದ್ದಲ್ಲಿ ಸರ್ವರ್ ಸಂಪರ್ಕ ಕಡಿದುಕೊಂಡಿದೆ ಎಂದು ಪರಿಗಣಿಸಲಾಗುತ್ತದೆ. 45 ದಿನ ಸಂಪರ್ಕವಿಲ್ಲದಿದ್ದಲ್ಲಿ ಅದರ ಗುರುತು ಅವಧಿ ಮೀರಿದೆಯೆಂದು ತೋರಿಸಲಾಗುತ್ತದೆ ಮತ್ತು ಹೊಸದಾಗಿ ಜೋಡಿಸಬೇಕಾಗುತ್ತದೆ. ಅಮೆಜಾನ್ ಸಂಸ್ಥೆಯ ಸಿಸ್ಟಮ್ಸ್ ಮ್ಯಾನೇಜರ್ ಸೇವೆಗೂ ಇದೇ ಬಗೆಯ ಏಜೆಂಟ್ ಇದೆ. ಮುಕ್ತ ತಂತ್ರಾಂಶವಾದ ಜ್ಯಾಬಿಕ್ಸ್ ಮುಖ್ಯವಾಗಿ ನಿಗಾ ಇಡುವ ಕೆಲಸಕ್ಕೆ ಬಳಕೆಯಾಗುತ್ತದೆ. ಆನ್ಸಿಬಲ್‌ನಂತಹ ತಂತ್ರಾಂಶಗಳು ಏಜೆಂಟ್ ಅಳವಡಿಸದೆಯೇ ದೂರದಿಂದ ಆದೇಶ ನೀಡಬಲ್ಲವು. ಆದರೆ ಅದಕ್ಕೆ ಹೊರಗಿನಿಂದ ಸರ್ವರ್‌ನೊಳಗೆ ಬರುವ ದಾರಿಯನ್ನು ತೆರೆದಿಡಬೇಕಾಗುತ್ತದೆ.

ಏಜೆಂಟ್‌ನ ಮುಖ್ಯ ಕೆಲಸಗಳು ಈ ಕೆಳಕಂಡಂತಿವೆ:

ಅ) ಸರ್ವರ್ ಚಾಲನೆಯಲ್ಲಿದೆಯೇ, ಡಿಸ್ಕ್‌ನಲ್ಲಿ ಸ್ಥಳ ಉಳಿದಿದೆಯೇ, ಹೊರೆ ಹೆಚ್ಚಾಗಿದೆಯೇ ಎಂಬುದನ್ನು ತಿಳಿಸುವುದು.
ಆ) ಕಾರ್ಯಾಚರಣಾ ತಂತ್ರಾಂಶದ ಭದ್ರತಾ ತಿದ್ದುಪಡಿಗಳು ಬಾಕಿ ಇವೆಯೇ ಎಂದು ಪಟ್ಟಿ ಮಾಡುವುದು ಹಾಗೂ ಅನುಮತಿ ದೊರೆತಾಗ ಅವುಗಳನ್ನು ಅಳವಡಿಸುವುದು.
ಇ) ನಿಂತುಹೋದ ಸೇವೆಯನ್ನು ಪುನಃ ಚಾಲನೆಗೊಳಿಸುವುದು.
ಈ) ಯಾವ ಆದೇಶವನ್ನು, ಯಾರು, ಯಾವಾಗ ನೀಡಿದರು ಎಂಬ ದಿನಚರಿಯನ್ನು ಉಳಿಸುವುದು.

5. ಅಳವಡಿಕೆಗೆ ಮುನ್ನ ಕೈಗೊಳ್ಳಬೇಕಾದ ಸಿದ್ಧತೆ

5.1 ಪಟ್ಟಿ ತಯಾರಿಕೆ: ಕಚೇರಿಯಲ್ಲಿ ಯಾವ ಯಾವ ಸರ್ವರ್‌ಗಳಿವೆ, ಪ್ರತಿಯೊಂದರಲ್ಲಿ ಯಾವ ಸೇವೆ ನಡೆಯುತ್ತಿದೆ, ಅದಕ್ಕೆ ಹೊಣೆ ಯಾರು ಎಂಬುದನ್ನು ಲಿಖಿತವಾಗಿ ದಾಖಲಿಸತಕ್ಕದ್ದು. ಪಟ್ಟಿಯಲ್ಲಿಲ್ಲದ ಯಂತ್ರವನ್ನು ಯಾರೂ ರಕ್ಷಿಸಲಾರರು. ಜೇವರ್ಗಿಯಿಂದ ಬೇರ್ಪಟ್ಟು ಯಡ್ರಾಮಿ ಹೊಸ ತಾಲ್ಲೂಕಾದಂತಹ ಸಂದರ್ಭಗಳಲ್ಲಿ ಯಂತ್ರವು ಯಾವ ಕಚೇರಿಗೆ ಸೇರಿದ್ದು ಎಂಬುದನ್ನು ಪಟ್ಟಿಯಲ್ಲಿ ತಿದ್ದುವುದು ಅವಶ್ಯಕ.

5.2 ಬ್ಯಾಕಪ್: ಏಜೆಂಟ್ ಅಳವಡಿಸುವ ಮೊದಲು ದತ್ತಾಂಶದ ಪೂರ್ಣ ಪ್ರತಿಯನ್ನು ತೆಗೆದು, ಅದು ಮತ್ತೊಂದು ಯಂತ್ರದಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸತಕ್ಕದ್ದು. ತೆರೆದು ನೋಡದ ಬ್ಯಾಕಪ್ ಅನ್ನು ಬ್ಯಾಕಪ್ ಎಂದು ಪರಿಗಣಿಸಲಾಗದು.

5.3 ಗಡಿಯಾರ: ಸುರಕ್ಷಿತ ಸಂಪರ್ಕಕ್ಕೆ ಸರ್ವರ್‌ನ ದಿನಾಂಕ ಮತ್ತು ವೇಳೆ ಸರಿಯಾಗಿರಬೇಕು. ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸವೆದಿದ್ದಲ್ಲಿ, ದೀರ್ಘ ವಿದ್ಯುತ್ ಕಡಿತದ ನಂತರ ಗಡಿಯಾರವು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಕೇಂದ್ರದ ಡಿಜಿಟಲ್ ಪ್ರಮಾಣಪತ್ರವು "ಇನ್ನೂ ಜಾರಿಗೆ ಬಂದಿಲ್ಲ" ಎಂದು ಸರ್ವರ್ ತಿಳಿದು ಸಂಪರ್ಕವನ್ನು ನಿರಾಕರಿಸುತ್ತದೆ. ಜಾಲದ ತಂತಿ, ರೂಟರ್ ಎಲ್ಲವೂ ಸರಿಯಿದ್ದೂ ಸೇವೆ ದೊರೆಯದಿರುವುದಕ್ಕೆ ಇದು ಸಾಮಾನ್ಯವಾದ, ಆದರೆ ಸುಲಭಕ್ಕೆ ಗಮನಕ್ಕೆ ಬಾರದ ಕಾರಣ. ಭಾರತದ ಗಣಕಯಂತ್ರ ತುರ್ತು ಪ್ರತಿಸ್ಪಂದನಾ ತಂಡವಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳಂತೆ, ಯಂತ್ರಗಳ ಗಡಿಯಾರವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಮಾನಕ್ಕೆ ಹೊಂದಿಸಬೇಕು.

5.4 ಜಾಲದ ದಾರಿ: ಏಜೆಂಟ್ ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಮಾತ್ರ, 443ನೆಯ ಪೋರ್ಟ್ ಮೂಲಕ ಗೂಢಲಿಪೀಕೃತ ಸಂಪರ್ಕ ಸಾಧಿಸುತ್ತದೆ. ಫೈರ್‌ವಾಲ್‌ನಲ್ಲಿ ನಿಗದಿತ ವಿಳಾಸಗಳಿಗೆ ಮಾತ್ರ ಈ ಹೊರದಾರಿಯನ್ನು ತೆರೆಯತಕ್ಕದ್ದು. ಹೊರಗಿನಿಂದ ಒಳಬರುವ ದಾರಿಯನ್ನು ತೆರೆಯುವ ಅವಶ್ಯಕತೆ ಇರುವುದಿಲ್ಲ.

5.5 ಕಾರ್ಯಾಚರಣಾ ತಂತ್ರಾಂಶದ ಆವೃತ್ತಿ: ತಯಾರಕರ ಬೆಂಬಲ ಮುಗಿದ ಆವೃತ್ತಿಗಳು ಅಪಾಯಕ್ಕೆ ಈಡಾಗುತ್ತವೆ. ಉದಾಹರಣೆಗೆ, ವಿಂಡೋಸ್ ಸರ್ವರ್ 2012ಕ್ಕೆ ವಿಸ್ತೃತ ಬೆಂಬಲವು 2023ರ ಅಕ್ಟೋಬರ್ 10ರಂದು ಮುಕ್ತಾಯಗೊಂಡಿತು. ಅಂತಹ ಯಂತ್ರದ ಮೇಲೆ ಏಜೆಂಟ್ ಅಳವಡಿಸಿದ ಮಾತ್ರಕ್ಕೆ ಯಂತ್ರ ಸುರಕ್ಷಿತವಾಗುವುದಿಲ್ಲ. ಹೊಸ ಆವೃತ್ತಿಗೆ ಬದಲಿಸುವ ಯೋಜನೆಯೂ ಜೊತೆಗಿರಬೇಕು.

6. ಅಳವಡಿಕೆಯ ಹಂತಗಳು

ಹಂತ 1: ಇಲಾಖೆಯ ಸಕ್ಷಮ ಅಧಿಕಾರಿಯ ಲಿಖಿತ ಅನುಮೋದನೆ ಪಡೆಯುವುದು. ಯಾವ ಸರ್ವರ್, ಯಾವ ಉದ್ದೇಶ, ಯಾವ ಅಧಿಕಾರ ಎಂಬ ಮೂರೂ ಅಂಶಗಳು ಅನುಮೋದನೆಯಲ್ಲಿರಬೇಕು.

ಹಂತ 2: ಏಜೆಂಟ್ ತಂತ್ರಾಂಶವನ್ನು ತಯಾರಕರ ಅಧಿಕೃತ ಮೂಲದಿಂದ ಮಾತ್ರ ಪಡೆದು, ಅದರ ಡಿಜಿಟಲ್ ಸಹಿಯನ್ನು ಪರಿಶೀಲಿಸುವುದು. ಪೆನ್‌ಡ್ರೈವ್ ಮೂಲಕ ಕೈಯಿಂದ ಕೈಗೆ ಬಂದ ಪ್ರತಿಯನ್ನು ಬಳಸಬಾರದು.

ಹಂತ 3: ಸಾರ್ವಜನಿಕ ಸೇವೆ ಇಲ್ಲದ ಒಂದು ಪರೀಕ್ಷಾ ಯಂತ್ರದಲ್ಲಿ ಮೊದಲು ಅಳವಡಿಸಿ ಕೆಲವು ದಿನ ಗಮನಿಸುವುದು.

ಹಂತ 4: ಸೇರ್ಪಡೆಯ ಗುಪ್ತ ಸಂಕೇತವನ್ನು ಪಡೆಯುವುದು. ಇದು ಯಂತ್ರವನ್ನು ಕೇಂದ್ರದ ಪಟ್ಟಿಗೆ ಸೇರಿಸಲು ಮಾತ್ರ ಬಳಕೆಯಾಗಬೇಕು. ಇತರ ಯಾವ ಅಧಿಕಾರವೂ ಅದಕ್ಕಿರಬಾರದು. ಅದರ ಅವಧಿಯೂ ಚಿಕ್ಕದಾಗಿರಬೇಕು. ಅಮೆಜಾನ್‌ನ ವ್ಯವಸ್ಥೆಯಲ್ಲಿ ಬೇರೆ ಸೂಚನೆ ನೀಡದಿದ್ದಲ್ಲಿ ಈ ಸಂಕೇತ 24 ಗಂಟೆಗಳಲ್ಲಿ ಅವಧಿ ಮುಗಿಯುತ್ತದೆ ಮತ್ತು ಗರಿಷ್ಠ 30 ದಿನಗಳವರೆಗೆ ಮಾತ್ರ ವಿಸ್ತರಿಸಬಹುದು. ಅಜೂರ್‌ನಲ್ಲಿ ಸೇರ್ಪಡೆಗೆಂದೇ ಪ್ರತ್ಯೇಕವಾದ, ಸೀಮಿತ ಅಧಿಕಾರದ ಪಾತ್ರವಿದೆ.

ಹಂತ 5: ಕಚೇರಿ ವೇಳೆ ಮುಗಿದ ನಂತರ ಏಜೆಂಟ್ ಅನ್ನು ಅಳವಡಿಸಿ, ಸರ್ವರ್‌ಗೆ ಜಿಲ್ಲೆ, ತಾಲ್ಲೂಕು, ಕಚೇರಿ ಹಾಗೂ ಸೇವೆಯ ಹೆಸರಿನ ಗುರುತುಪಟ್ಟಿಯನ್ನು ಜೋಡಿಸುವುದು. "ಸರ್ವರ್ 1" ಎಂಬ ಹೆಸರಿನಿಂದ ಯಾವ ಊರಿನ ಜನರ ಸೇವೆ ನಿಂತಿದೆ ಎಂಬುದು ದೂರದಲ್ಲಿರುವವರಿಗೆ ತಿಳಿಯುವುದಿಲ್ಲ.

ಹಂತ 6: ಕೇಂದ್ರದ ಪರದೆಯ ಮೇಲೆ "ಸಂಪರ್ಕದಲ್ಲಿದೆ" ಎಂದು ಕಾಣಿಸಿದ ಮೇಲೆ, ಜಾಲದ ತಂತಿಯನ್ನು ಉದ್ದೇಶಪೂರ್ವಕವಾಗಿ ಬೇರ್ಪಡಿಸಿ ಎಚ್ಚರಿಕೆ ಬರುತ್ತದೆಯೇ ಎಂದು ಪರೀಕ್ಷಿಸುವುದು. ಎಚ್ಚರಿಕೆಯು ಯಾರ ದೂರವಾಣಿಗೆ ತಲುಪುತ್ತದೆ, ರಜಾ ದಿನದಲ್ಲಿ ಯಾರಿಗೆ ತಲುಪುತ್ತದೆ ಎಂಬುದನ್ನೂ ಆಗಲೇ ನಿಗದಿಪಡಿಸುವುದು.

ಹಂತ 7: ಅಗತ್ಯವಿಲ್ಲದ ಅಧಿಕಾರಗಳನ್ನು ಮುಚ್ಚುವುದು. ನಿಗಾ ಮಾತ್ರ ಸಾಕಾದಲ್ಲಿ ಏಜೆಂಟ್ ಅನ್ನು ನಿಗಾ ಸ್ಥಿತಿಯಲ್ಲಿಯೇ ಇರಿಸಿ, ದೂರದಿಂದ ಆದೇಶ ನಡೆಸುವ ಸೌಲಭ್ಯವನ್ನು ತಡೆಹಿಡಿಯುವುದು.

ಹಂತ 8: ದಿನಚರಿ ದಾಖಲೆಗಳನ್ನು ಕನಿಷ್ಠ 180 ದಿನ ಉಳಿಸಿಕೊಳ್ಳುವುದು. ಮೇಲೆ ತಿಳಿಸಿದ 2022ರ ನಿರ್ದೇಶನಗಳಂತೆ ಇದು ಕಡ್ಡಾಯ. ಅದೇ ನಿರ್ದೇಶನಗಳಂತೆ ಸೈಬರ್ ಘಟನೆಯು ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕು.

ಹಂತ 9: ಒಂದು ತಾಲ್ಲೂಕಿನಲ್ಲಿ ಸರಿಯಾಗಿ ನಡೆದ ನಂತರವೇ ಮುಂದಿನ ತಾಲ್ಲೂಕಿಗೆ ಹೋಗುವುದು. ಮೂರೂ ತಾಲ್ಲೂಕುಗಳಲ್ಲಿ ಒಂದೇ ದಿನ ಅಳವಡಿಸಿದಲ್ಲಿ, ತಪ್ಪೂ ಮೂರೂ ಕಡೆ ಒಂದೇ ದಿನ ಆಗುವ ಸಂಭವವಿರುತ್ತದೆ.

ಹಂತ 10: ಯಂತ್ರವನ್ನು ಸೇವೆಯಿಂದ ಹಿಂಪಡೆಯುವಾಗ ಮೊದಲು ಕೇಂದ್ರದ ಪಟ್ಟಿಯಿಂದ ಅದರ ನೋಂದಣಿಯನ್ನು ತೆಗೆದು, ನಂತರ ಏಜೆಂಟ್ ಅನ್ನು ಅಳಿಸಿ, ಕೊನೆಗೆ ಡಿಸ್ಕ್‌ನಲ್ಲಿರುವ ದತ್ತಾಂಶವನ್ನು ಮರಳಿ ಪಡೆಯಲಾಗದಂತೆ ನಾಶಪಡಿಸುವುದು. ಗುಜರಿಗೆ ಹೋದ ಯಂತ್ರದಲ್ಲಿ ನಾಗರಿಕರ ದಾಖಲೆ ಉಳಿಯಬಾರದು.

7. ಏಜೆಂಟ್‌ನಿಂದ ಆಗುವ ಮತ್ತು ಆಗದ ಕೆಲಸಗಳು

ಡಿಸ್ಕ್ ಭರ್ತಿಯಾಗುತ್ತ ಬಂದಿರುವುದು ಏಜೆಂಟ್ ಮೂಲಕ ವಾರದ ಮೊದಲೇ ತಿಳಿದಲ್ಲಿ, ಕಚೇರಿಯಲ್ಲಿ ಸಾಲು ನಿಲ್ಲುವ ಮೊದಲೇ ಅದನ್ನು ಸರಿಪಡಿಸಬಹುದು. ನಿಂತ ಸೇವೆಯನ್ನು ಪುನಃ ಚಾಲನೆಗೊಳಿಸಲು ಕಲಬುರಗಿಯಿಂದ ತಂತ್ರಜ್ಞರು ಅಫಜಲಪುರಕ್ಕೆ ಬರುವವರೆಗೆ ಕಾಯಬೇಕಾಗಿಲ್ಲ.

ಆದರೆ ಕೆಳಕಂಡ ಸಂದರ್ಭಗಳಲ್ಲಿ ಏಜೆಂಟ್‌ನಿಂದ ಪ್ರಯೋಜನವಾಗುವುದಿಲ್ಲ:

ಅ) ವಿದ್ಯುತ್ ಇಲ್ಲದೆ ಯಂತ್ರವೇ ನಿಂತಿರುವಾಗ. ಯು.ಪಿ.ಎಸ್. ಬ್ಯಾಟರಿ ಮತ್ತು ಜನರೇಟರ್‌ಗೆ ಏಜೆಂಟ್ ಬದಲಿಯಲ್ಲ.
ಆ) ರಸ್ತೆ ಅಗೆತದಿಂದ ಜಾಲದ ಕೇಬಲ್ ತುಂಡಾದಾಗ. ಸಂಪರ್ಕ ಕಡಿದಿದೆ ಎಂಬುದಷ್ಟೇ ಕೇಂದ್ರಕ್ಕೆ ತಿಳಿಯುತ್ತದೆ.
ಇ) ದೋಷವು ಕೇಂದ್ರದಲ್ಲಿಯೇ ಇರುವಾಗ. 2025ರ ಜನವರಿಯಲ್ಲಿ ಕಾವೇರಿ-2 ತಾಣದ ಮೇಲೆ ಹುಸಿ ಕೋರಿಕೆಗಳ ಮಳೆಗರೆಯುವ ದಾಳಿ ನಡೆದು ನೋಂದಣಿ ಸೇವೆಗಳು ಅಸ್ತವ್ಯಸ್ತಗೊಂಡವು. ಅಂತಹ ವೇಳೆ ತಾಲ್ಲೂಕಿನ ಯಂತ್ರ ಸರಿಯಿದ್ದರೂ ಸೇವೆ ದೊರೆಯುವುದಿಲ್ಲ.

ಆದ್ದರಿಂದ "ಸರ್ವರ್ ಇಲ್ಲ" ಎಂಬ ಒಂದೇ ಮಾತಿನ ಹಿಂದೆ ವಿದ್ಯುತ್, ಜಾಲ, ಕಚೇರಿಯ ಯಂತ್ರ ಹಾಗೂ ಕೇಂದ್ರ ಎಂಬ ನಾಲ್ಕು ಬೇರೆ ಬೇರೆ ಕಾರಣಗಳಿರಬಹುದು. ಯಾವುದು ಎಂದು ತಿಳಿದಲ್ಲಿ ಸೇವೆ ಒಂದು ಗಂಟೆಯಲ್ಲಿ ಮರಳುವುದೋ ಮರುದಿನ ಮರಳುವುದೋ ಎಂದು ಅರ್ಜಿದಾರರಿಗೆ ಹೇಳುವುದು ಸಾಧ್ಯವಾಗುತ್ತದೆ. ಏಜೆಂಟ್ ಅಳವಡಿಕೆಯಿಂದ ನಾಗರಿಕರಿಗೆ ದೊರೆಯಬೇಕಾದ ಮೊದಲ ಪ್ರಯೋಜನ ಈ ಖಚಿತ ಉತ್ತರವೇ ಆಗಿದೆ.

8. ಅಪಾಯಗಳು ಮತ್ತು ಮುನ್ನೆಚ್ಚರಿಕೆ

ದೂರದಿಂದ ಸರಿಪಡಿಸಬಲ್ಲ ಕೈ ದೂರದಿಂದ ಕೆಡಿಸಲೂ ಬಲ್ಲದು. 2021ರ ಜುಲೈ 2ರಂದು ಕಸೇಯಾ ಎಂಬ ಸಂಸ್ಥೆಯ ದೂರನಿರ್ವಹಣಾ ತಂತ್ರಾಂಶದ ದೋಷವನ್ನು ಬಳಸಿದ ದುಷ್ಕರ್ಮಿಗಳು, ಅದರ ಮೂಲಕವೇ ಅನೇಕ ದೇಶಗಳ ಸಂಸ್ಥೆಗಳ ಗಣಕಯಂತ್ರಗಳಿಗೆ ಬೀಗ ಹಾಕಿ ಹಣ ಕೇಳಿದರು. ಸ್ವೀಡನ್ನಿನ ಕೂಪ್ ಅಂಗಡಿ ಸರಣಿಯು ತನ್ನ ನೂರಾರು ಮಳಿಗೆಗಳನ್ನು ಮುಚ್ಚಬೇಕಾಯಿತು.

2024ರ ಜುಲೈ 19ರಂದು ಯಾವ ದುಷ್ಕರ್ಮಿಯೂ ಇಲ್ಲದೆಯೇ ಅನಾಹುತವಾಯಿತು. ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ಏಜೆಂಟ್‌ಗೆ ಕಳುಹಿಸಿದ ಒಂದು ದೋಷಪೂರಿತ ತಿದ್ದುಪಡಿಯಿಂದ ವಿಶ್ವದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಅಂದು ಕೈಬರಹದ ಬೋರ್ಡಿಂಗ್ ಪಾಸ್‌ಗಳನ್ನು ನೀಡಬೇಕಾಯಿತು. ಯಂತ್ರವೇ ಪೂರ್ಣವಾಗಿ ಚಾಲನೆಗೊಳ್ಳದ ಕಾರಣ ದೂರದಿಂದ ಸರಿಪಡಿಸುವುದು ಬಹುಪಾಲು ಸಾಧ್ಯವಾಗದೆ, ಅನೇಕ ಕಡೆ ಮನುಷ್ಯರೇ ಯಂತ್ರದ ಮುಂದೆ ಕುಳಿತು ಸರಿಪಡಿಸಬೇಕಾಯಿತು. ಆದುದರಿಂದ ಏಜೆಂಟ್ ಇದೆಯೆಂದು ತಾಲ್ಲೂಕು ಮಟ್ಟದ ತಾಂತ್ರಿಕ ಸಿಬ್ಬಂದಿಯನ್ನು ಹಿಂಪಡೆಯುವುದು ಸೂಕ್ತವಲ್ಲ.

ದೂರದಿಂದ ನಡೆಯುವ ಕೆಲಸಕ್ಕೆ ಸ್ಥಳದ ಪರಿಶೀಲನೆ ಏಕೆ ಬೇಕು ಎಂಬುದಕ್ಕೆ ಆಳಂದದಲ್ಲಿಯೇ ಒಂದು ನಿದರ್ಶನವಿದೆ. ಅದು ಸರ್ವರ್ ಏಜೆಂಟ್‌ಗೆ ಸಂಬಂಧಿಸಿದ್ದಲ್ಲವಾದರೂ ಅದರ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಭಾರತ ಚುನಾವಣಾ ಆಯೋಗವು ಪ್ರಕಟಿಸಿರುವಂತೆ, ಆಳಂದ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವಂತೆ ಕೋರಿ ಆನ್‌ಲೈನ್ ಮೂಲಕ 6,018 ಅರ್ಜಿಗಳು ಸಲ್ಲಿಕೆಯಾಗಿದ್ದವು. ಪರಿಶೀಲಿಸಿದಾಗ 24 ಅರ್ಜಿಗಳು ಮಾತ್ರ ಸರಿಯೆಂದು ಕಂಡುಬಂದು, ಉಳಿದ 5,994 ಅರ್ಜಿಗಳನ್ನು ತಿರಸ್ಕರಿಸಲಾಯಿತು. 2023ರಲ್ಲಿ ಪ್ರಕರಣವೂ ದಾಖಲಾಯಿತು. ಪರದೆಯ ಮೇಲೆ ಬಂದ ಕೋರಿಕೆಯು ಯಾರ ಹೆಸರಿನಲ್ಲಿದೆಯೋ ಅವರದ್ದೇ ಎಂದು ನಂಬುವ ಮೊದಲು ಮನೆ ಬಾಗಿಲಿಗೆ ಹೋಗಿ ವಿಚಾರಿಸಿದ್ದರಿಂದ ಸಾವಿರಾರು ಹೆಸರುಗಳು ಪಟ್ಟಿಯಲ್ಲಿ ಉಳಿದವು.

ಇದೇ ತತ್ವದಂತೆ ಕೆಳಕಂಡ ಮುನ್ನೆಚ್ಚರಿಕೆಗಳು ಅವಶ್ಯಕ:

ಅ) ದೂರದಿಂದ ಆದೇಶ ನೀಡುವವರಿಗೆ ಪ್ರತ್ಯೇಕ ಖಾತೆ ಹಾಗೂ ಎರಡು ಹಂತದ ದೃಢೀಕರಣ ಇರಬೇಕು. ಒಂದೇ ಗುಪ್ತಪದವನ್ನು ಹಲವರು ಹಂಚಿಕೊಳ್ಳಬಾರದು.
ಆ) ಸರ್ವರ್ ನಿರ್ವಹಿಸುವವರಿಗೆ ಪಹಣಿಯ ನಮೂದನ್ನು ತಿದ್ದುವ ಅಧಿಕಾರ ಇರಬಾರದು, ನಮೂದು ತಿದ್ದುವವರಿಗೆ ಸರ್ವರ್‌ನ ಅಧಿಕಾರ ಇರಬಾರದು.
ಇ) ತಿದ್ದುಪಡಿಗಳನ್ನು ಎಲ್ಲ ಯಂತ್ರಗಳಿಗೂ ಏಕಕಾಲಕ್ಕೆ ಕಳುಹಿಸದೆ ಹಂತ ಹಂತವಾಗಿ ಕಳುಹಿಸಬೇಕು.
ಈ) ದಿನಚರಿ ದಾಖಲೆಯನ್ನು ಅದೇ ಸರ್ವರ್‌ನಲ್ಲಿ ಮಾತ್ರ ಇರಿಸದೆ ಬೇರೆಡೆಯೂ ಇರಿಸಬೇಕು.
ಉ) ಗುತ್ತಿಗೆ ಮುಗಿದ ಸಂಸ್ಥೆಯ ಹಾಗೂ ವರ್ಗಾವಣೆಗೊಂಡ ಸಿಬ್ಬಂದಿಯ ಖಾತೆಗಳನ್ನು ಅಂದೇ ಮುಚ್ಚಬೇಕು.

9. ಸೇವೆ ಸ್ಥಗಿತವಾದಾಗ ಅರ್ಜಿದಾರರು ಅನುಸರಿಸಬೇಕಾದ ಕ್ರಮ

9.1 ಕಾರಣವನ್ನು ಕೇಳುವುದು: ವಿದ್ಯುತ್, ಜಾಲ, ಕಚೇರಿಯ ಯಂತ್ರ ಅಥವಾ ಕೇಂದ್ರ, ಇವುಗಳಲ್ಲಿ ಯಾವುದರ ತೊಂದರೆ ಮತ್ತು ಸೇವೆ ಯಾವಾಗ ಮರಳುವ ನಿರೀಕ್ಷೆಯಿದೆ ಎಂದು ವಿಚಾರಿಸುವುದು.

9.2 ಸಕಾಲ ಸ್ವೀಕೃತಿ: ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಸೇರಿದ ಸೇವೆಗಳಿಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆಯಿರುವ ಸ್ವೀಕೃತಿಯನ್ನು ತಪ್ಪದೇ ಪಡೆದುಕೊಳ್ಳತಕ್ಕದ್ದು. ನಿಗದಿತ ಅವಧಿಯೊಳಗೆ ಸೇವೆ ದೊರೆಯದಿದ್ದಲ್ಲಿ ಅಥವಾ ಅರ್ಜಿ ತಿರಸ್ಕೃತವಾದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳವರೆಗೆ ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ. ಈ ಸಂಖ್ಯೆಯಿಲ್ಲದೆ ಹಿಂದಿರುಗಿದ ದಿನಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ.

9.3 ಪರ್ಯಾಯ ಮಾರ್ಗ: ಪಹಣಿಯನ್ನು ಕಂದಾಯ ಇಲಾಖೆಯ ಭೂಮಿ ತಾಣದಲ್ಲಿ ಆನ್‌ಲೈನ್ ಮೂಲಕವೂ ಶುಲ್ಕ ಪಾವತಿಸಿ ಪಡೆಯಬಹುದು. ಹಲವು ಸೇವೆಗಳು ಸೇವಾ ಸಿಂಧು ತಾಣದಲ್ಲಿಯೂ ಗ್ರಾಮ ಒನ್ ಕೇಂದ್ರಗಳಲ್ಲಿಯೂ ಲಭ್ಯವಿವೆ. ತಾಲ್ಲೂಕು ಕಚೇರಿಯ ಯಂತ್ರ ಮಾತ್ರ ಕೆಟ್ಟಿರುವಾಗ ಈ ಮಾರ್ಗಗಳು ತೆರೆದಿರುತ್ತವೆ. ದೋಷ ಕೇಂದ್ರದಲ್ಲಿದ್ದಲ್ಲಿ ಇವೂ ನಿಲ್ಲಬಹುದು.

9.4 ಮುಂಚಿತ ಅರ್ಜಿ: ಶಾಲಾ ಕಾಲೇಜು ಪ್ರವೇಶ, ನೇಮಕಾತಿ ಹಾಗೂ ತೊಗರಿ ಖರೀದಿ ನೋಂದಣಿಗೆ ಬೇಕಾಗುವ ಪ್ರಮಾಣಪತ್ರಗಳನ್ನು ಕೊನೆಯ ವಾರದವರೆಗೆ ಬಿಡದೆ ಮೊದಲೇ ಪಡೆದಿರಿಸಿಕೊಳ್ಳುವುದು ಸೂಕ್ತ. ಖರೀದಿ ನೋಂದಣಿಗೆ ಬಳಸುವ ಫ್ರೂಟ್ಸ್ ಗುರುತಿನ ಸಂಖ್ಯೆಯಲ್ಲಿ ಜಮೀನಿನ ಎಲ್ಲ ಸರ್ವೆ ನಂಬರುಗಳು ಸೇರಿವೆಯೇ ಎಂಬುದನ್ನೂ ಹಂಗಾಮಿಗೆ ಮೊದಲೇ ನೋಡಿಕೊಳ್ಳುವುದು ಒಳಿತು.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಏಜೆಂಟ್ ನನ್ನ ಪಹಣಿಯನ್ನು ಅಥವಾ ಆಧಾರ್ ಸಂಖ್ಯೆಯನ್ನು ಓದುತ್ತದೆಯೇ?
ಉತ್ತರ: ನಿಗಾ ಕೆಲಸಕ್ಕೆ ಅದರ ಅವಶ್ಯಕತೆ ಇರುವುದಿಲ್ಲ. ಯಂತ್ರದ ಹೆಸರು, ಆವೃತ್ತಿ, ಡಿಸ್ಕ್‌ನ ಸ್ಥಿತಿ ಮುಂತಾದ ವಿವರಗಳು ಮಾತ್ರ ಸಾಕು. ಆದರೆ ಆದೇಶ ನಡೆಸುವ ಅಧಿಕಾರ ನೀಡಿದ್ದಲ್ಲಿ ಏಜೆಂಟ್ ಯಂತ್ರದೊಳಗಿನ ಕಡತಗಳನ್ನು ತಲುಪಬಲ್ಲದು. ಆದುದರಿಂದಲೇ ಹಂತ 7ರಲ್ಲಿ ತಿಳಿಸಿದಂತೆ ಅಧಿಕಾರವನ್ನು ಮಿತಗೊಳಿಸಬೇಕು. ನಾಗರಿಕರ ವೈಯಕ್ತಿಕ ದತ್ತಾಂಶದ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿದೆ.

ಪ್ರಶ್ನೆ: ಏಜೆಂಟ್ ಅಳವಡಿಕೆಗಾಗಿ ಅರ್ಜಿದಾರರು ಶುಲ್ಕ ಪಾವತಿಸಬೇಕೇ?
ಉತ್ತರ: ಇಲ್ಲ. ಇದು ಕಚೇರಿಯ ಆಂತರಿಕ ವ್ಯವಸ್ಥೆ. ಸರ್ವರ್ ಹೆಸರಿನಲ್ಲಿ ಯಾರಾದರೂ ಹಣ ಕೇಳಿದಲ್ಲಿ ತಹಶೀಲ್ದಾರರ ಗಮನಕ್ಕೆ ತರಬೇಕು.

ಪ್ರಶ್ನೆ: ಇಲಾಖೆಯವರೆಂದು ಹೇಳಿಕೊಂಡು ನನ್ನ ಮೊಬೈಲ್‌ನಲ್ಲಿ ದೂರನಿಯಂತ್ರಣ ತಂತ್ರಾಂಶ ಹಾಕಿಕೊಳ್ಳುವಂತೆ ಕೇಳಿದರೆ?
ಉತ್ತರ: ಹಾಕಿಕೊಳ್ಳಬಾರದು. ಏಜೆಂಟ್ ಅಳವಡಿಸುವುದು ಕಚೇರಿಯ ಸರ್ವರ್‌ಗಳಲ್ಲಿ ಮಾತ್ರ. ಯಾವುದೇ ಪ್ರಮಾಣಪತ್ರ ಪಡೆಯಲು ಅರ್ಜಿದಾರರು ತಮ್ಮ ಮೊಬೈಲ್‌ನ ನಿಯಂತ್ರಣವನ್ನು ಪರರಿಗೆ ಕೊಡಬೇಕಾಗಿಲ್ಲ. ಹಣ ಕಳೆದುಕೊಂಡಲ್ಲಿ ಕೂಡಲೇ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಪ್ರಶ್ನೆ: ಸರ್ವರ್ ಕೆಟ್ಟಾಗ ನನ್ನ ಅರ್ಜಿ ಕಳೆದುಹೋಗುತ್ತದೆಯೇ?
ಉತ್ತರ: ಜಿ.ಎಸ್.ಸಿ. ಸಂಖ್ಯೆ ದೊರೆತಿದ್ದಲ್ಲಿ ಅರ್ಜಿಯು ದಾಖಲಾಗಿದೆ ಎಂದು ತಿಳಿಯಬಹುದು. ಸಂಖ್ಯೆ ಮುದ್ರಣವಾಗುವ ಮೊದಲೇ ಸೇವೆ ನಿಂತಿದ್ದಲ್ಲಿ ಅರ್ಜಿಯನ್ನು ಪುನಃ ಸಲ್ಲಿಸಬೇಕಾಗಬಹುದು. ಆದ್ದರಿಂದ ಮೂಲ ದಾಖಲೆಗಳನ್ನು ಕೌಂಟರಿನಲ್ಲಿ ಬಿಟ್ಟುಬರದೆ ಹಿಂಪಡೆಯಬೇಕು.

ಸೂಚನೆ: ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಅರ್ಜಿದಾರರು ತಮ್ಮ ಅರ್ಜಿಯ ಸ್ಥಿತಿಯನ್ನು ತಿಳಿಯಲು ಕಚೇರಿ ವೇಳೆಯಲ್ಲಿ ಆಯಾ ತಹಶೀಲ್ದಾರರ ಕಚೇರಿಯನ್ನು ಅಥವಾ ನಾಡಕಚೇರಿಯನ್ನು ಸ್ವೀಕೃತಿಯೊಂದಿಗೆ ಸಂಪರ್ಕಿಸತಕ್ಕದ್ದು.